ಗಾಜಿನ ಪಾಟಿಯ ಮೇಲೆ ಕನ್ನಡ ಬರಹ

ಗದುಗಿನ ವೀರನಾರಾಯಣನನ್ನು ನೆನೆದು ಭಾರತವನ್ನು ರಚಿಸಿದ ಕುಮಾರವ್ಯಾಸನು ತನ್ನ ಹೆಗ್ಗಳಿಕೆಗಳನ್ನು ಹೇಳಿಕೊಳ್ಳುವಾಗ, ಹಲಗೆ ಬಳಪಗಳನ್ನು ಕೈಯಲ್ಲಿ ಹಿಡಿಯದಿರುವುದನ್ನೂ ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಅಂಥ ಭಾಗ್ಯವು ಮಹಾಕವಿಗಳಿಗೆ ಮೀಸಲಾದುದು. ನಮ್ಮ ನಿಮ್ಮಂಥವರಿಗೆ ಬರವಣಿಗೆಯೆಂದರೆ ಬರೆದು, ಅಳಿಸಿ, ಮತ್ತೆ ಬರೆಯುವುದೇ ಸರಿ. ಹಿಂದೆ ಈ ಸೀಮೆಯ ಮಕ್ಕಳು ಕಲ್ಲಿನ ಪಾಟಿಯ ಮೇಲೆ ಮಾಡುತ್ತಿದ್ದ ಕೆಲಸವನ್ನು ಇಂದು ದೊಡ್ಡವರು ಟ್ಯಾಬ್ ಎಂಬ ಗಾಜಿನ ಪಾಟಿಯ ಮೇಲೆ ಮಾಡುತ್ತಿದ್ದಾರೆ. ಪಾಟಿಯನ್ನೇನೋ ಕೊಂಡದ್ದಾಯಿತು; ಅದರಲ್ಲಿ ಬರೆಯಲು ಯಾವ ಆ್ಯಪನ್ನು ಆರಿಸಿಕೊಳ್ಳಬೇಕು?

ಲಕ್ಷ್ಮೇಶ್ವರದ ಒಬ್ಬ ನಿವೃತ್ತ ಶಿಕ್ಷಕರು ತಮ್ಮ ಊರಿನ ಚರಿತ್ರೆಯನ್ನು ಬರೆಯಲು ಕುಳಿತಿದ್ದಾರೆಂದು ಭಾವಿಸೋಣ. ಊರಾದರೋ ಸಾಮಾನ್ಯವಾದುದಲ್ಲ. ಇದೇ ಪ್ರಾಚೀನ ಪುಲಿಗೆರೆ; ೯೪೧ರಲ್ಲಿ ಪಂಪನು ತನ್ನ ಭಾರತವನ್ನು ಈ ನೆಲದ ತಿರುಳ್ಗನ್ನಡದಲ್ಲಿ ಹೇಳಿದೆನೆಂದಿದ್ದಾನೆ. ಸೋಮೇಶ್ವರ ದೇವಾಲಯವಿದೆ, ಬಸದಿಗಳಿವೆ, ಶಾಸನಗಳಿವೆ. ಇಂಥ ಪುಸ್ತಕದಲ್ಲಿ ಪುಟಕ್ಕೆ ನಾಲ್ಕು ಅಡಿಟಿಪ್ಪಣಿ ಬೇಕು. ಅರಸರ ಹೆಸರು, ಶಾಸನದ ಕಾಲಗಳಿಗೆ ಕೋಷ್ಟಕ ಬೇಕು. ಕೆಲಸವು ಒಂದೆರಡು ತಿಂಗಳಲ್ಲಿ ಮುಗಿಯುವಂಥದಲ್ಲ. ಇಂದು ಟಿಪ್ಪಿದ ಸಾಲನ್ನು ಹತ್ತು ವರ್ಷಗಳ ಅನಂತರ ಅವರ ಮೊಮ್ಮಗಳು ಬೇರೊಂದು ಯಂತ್ರದಲ್ಲಿ ತೆರೆದು ಓದಲು ಸಾಧ್ಯವಾಗಬೇಕು.

ಈ ಭಯ ಕಾಲ್ಪನಿಕವಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದಿಟ್ಟ ಕಡತವನ್ನು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವಿರಬೇಕಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಪರಿವರ್ತಿಸುವ ಸಾಧನಗಳುಂಟು, ಆದರೆ ಪರಿವರ್ತನೆಯ ಬಳಿಕ ತಪ್ಪುಗಳನ್ನು ಹುಡುಕಿ ತಿದ್ದುವ ಶ್ರಮ ತಪ್ಪದು. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಆದ ಸಂಖ್ಯೆ ದೊರೆಯಿತು. ಆದುದರಿಂದ ನಮ್ಮ ಶಿಕ್ಷಕರಿಗೆ ಬೇಕಾದುದು ಯೂನಿಕೋಡಿನಲ್ಲಿರುವ ಸಾದಾ ಪಠ್ಯ.

ಸಾದಾ ಪಠ್ಯದಲ್ಲಿ ಶೀರ್ಷಿಕೆ ಎಲ್ಲಿಯದು?

ಸಾದಾ ಪಠ್ಯದಲ್ಲಿ ದಪ್ಪಕ್ಷರವಿಲ್ಲ, ಅಡಿಟಿಪ್ಪಣಿಯಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇದಕ್ಕೆ ಉತ್ತರವನ್ನು ಮುದ್ರಣ ಕಾಶಿಯೆಂದು ಹೆಸರಾದ ಗದುಗಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಿಂದೆ ಸಂಪಾದಕನು ಹಸ್ತಪ್ರತಿಯ ಅಂಚಿನಲ್ಲಿ ಗುರುತುಗಳನ್ನು ಹಾಕಿ ಕೊಡುತ್ತಿದ್ದನು. ಮೊಳೆ ಜೋಡಿಸುವವನು ಆ ಗುರುತನ್ನು ನೋಡಿ ಇದು ಶೀರ್ಷಿಕೆ, ಇದು ದಪ್ಪಕ್ಷರ ಎಂದು ತಿಳಿಯುತ್ತಿದ್ದನು. ಅಮೇರಿಕದ ಜಾನ್ ಗ್ರೂಬರ್ ೨೦೦೪ರಲ್ಲಿ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಪದ್ಧತಿಯೂ ಇಂಥದೇ. ಸಾಲಿನ ಮೊದಲಿಗೆ # ಹಾಕಿದರೆ ಶೀರ್ಷಿಕೆ; ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರಗಳನ್ನಿಟ್ಟರೆ ದಪ್ಪಕ್ಷರ; > ಹಾಕಿದರೆ ಉದ್ಧೃತ ಭಾಗ.

ಆದರೆ ಗ್ರೂಬರರ ಮೂಲ ಪದ್ಧತಿಯಲ್ಲಿ ಅಡಿಟಿಪ್ಪಣಿಗಾಗಲಿ ಕೋಷ್ಟಕಕ್ಕಾಗಲಿ ಗುರುತಿರಲಿಲ್ಲ. ಆ ಕೊರತೆಯನ್ನು ತುಂಬಲು ಫ್ಲೆಚರ್ ಪೆನ್ನಿಯವರು ಮಲ್ಟಿಮಾರ್ಕ್‌ಡೌನ್ ಎಂಬ ವಿಸ್ತೃತ ರೂಪವನ್ನು ಹೊರತಂದರು. ಅದರಲ್ಲಿ [^ಪಂಪ] ಎಂದು ಬರೆದು, ಕೆಳಗೆಲ್ಲಾದರೂ [^ಪಂಪ]: ಎಂದಿಟ್ಟು ಟಿಪ್ಪಣಿಯನ್ನು ಬರೆದರಾಯಿತು, ಕ್ರಮಸಂಖ್ಯೆಯನ್ನು ಯಂತ್ರವೇ ಕೊಡುತ್ತದೆ. ನಡುವೆ ಹೊಸದೊಂದು ಟಿಪ್ಪಣಿ ಸೇರಿದರೂ ಎಲ್ಲವನ್ನೂ ಮತ್ತೆ ಎಣಿಸುವ ಕಷ್ಟವಿಲ್ಲ. ಚರಿತ್ರೆ ಬರೆಯುವವರಿಗೆ ಬೇಕಾದುದು ಈ ವಿಸ್ತೃತ ರೂಪ.

ಕನ್ನಡಕ್ಕೆ ವಿಶೇಷವಾದ ತೊಡಕುಗಳು

ಇಂಗ್ಲಿಷ್ ಪುಸ್ತಕಗಳು ಹೇಳದ ಕೆಲವು ಸಂಗತಿಗಳನ್ನು ಕನ್ನಡಿಗರು ತಿಳಿದಿರಬೇಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯವು ಪದಕ್ಕೆ ಅಂಟಿಕೊಂಡೇ ಬರುತ್ತದೆ. 'ಪಂಪನು' ಎಂಬಲ್ಲಿ 'ಪಂಪ' ಎಂಬುದನ್ನು ಮಾತ್ರ ಓರೆಯಾಗಿಸಬೇಕಾದರೆ ನಕ್ಷತ್ರವನ್ನೇ ಬಳಸಬೇಕು. ಅಡಿಗೆರೆಯನ್ನು ಬಳಸಿದರೆ ಪದದ ನಡುವೆ ಬಂದ ಆ ಗೆರೆಯನ್ನು ಬಹುತೇಕ ಆ್ಯಪುಗಳು ಗುರುತೆಂದು ಗಣಿಸುವುದಿಲ್ಲ. ಇನ್ನು 'ಗದುಗಿನ' ಎಂಬಂಥ ಪದದಲ್ಲಿ 'ಗ'ಕಾರಕ್ಕೂ ಅದರ ಗುಡಿಸಿಗೂ ನಡುವೆ ನಕ್ಷತ್ರವನ್ನು ತೂರಿಸಕೂಡದು. ಗುಡಿಸು ಆಧಾರ ತಪ್ಪಿ ಒಂಟಿಯಾಗಿ ನಿಲ್ಲುತ್ತದೆ. ಗುರುತು ಯಾವಾಗಲೂ ಪೂರ್ಣಾಕ್ಷರದ ಬಳಿಕವೇ ಬೀಳಬೇಕು.

ಮತ್ತೊಂದು ತೊಡಕು ಅಂಕಿಗಳದು. ಸಾಲಿನ ಆರಂಭದಲ್ಲಿ ಇಂಗ್ಲಿಷ್ ಅಂಕಿ ಮತ್ತು ಚುಕ್ಕಿಯನ್ನಿಟ್ಟರೆ ಕ್ರಮಪಟ್ಟಿ ಸಿದ್ಧವಾಗುತ್ತದೆ. ಕನ್ನಡದ ೧, ೨, ೩ ಬರೆದರೆ ಪದ್ಧತಿಯು ಅವನ್ನು ಸಾಮಾನ್ಯ ಅಕ್ಷರಗಳೆಂದೇ ತಿಳಿದು, ಸಾಲುಗಳನ್ನೆಲ್ಲ ಒಂದೇ ಪರಿಚ್ಛೇದಕ್ಕೆ ಕೂಡಿಸಿಬಿಡಬಹುದು.

ಆಯ್ಕೆ

ಆ್ಯಪನ್ನು ಅದರ ಬಣ್ಣಬೆಡಗಿನಿಂದ ಅಳೆಯದೆ, ಅದು ಬಿಟ್ಟುಹೋಗುವ ಕಡತದಿಂದ ಅಳೆಯತಕ್ಕದ್ದು. ಐಪ್ಯಾಡ್ ಉಳ್ಳವರಿಗೆ 'ಐಎ ರೈಟರ್' ಎಂಬುದುಂಟು. ಹಣ ಕೊಟ್ಟು ಕೊಳ್ಳಬೇಕು, ಆದರೆ ಮಲ್ಟಿಮಾರ್ಕ್‌ಡೌನನ್ನು ಅನುಸರಿಸುತ್ತದೆ. ಆಂಡ್ರಾಯ್ಡ್ ಟ್ಯಾಬಿಗೆ 'ಮಾರ್ಕರ್' ಎಂಬ ಮುಕ್ತ ತಂತ್ರಾಂಶವಿದೆ. ಖರ್ಚಿಲ್ಲ, ಜಾಲಸಂಪರ್ಕವೂ ಬೇಕಿಲ್ಲ. 'ಅಬ್ಸಿಡಿಯನ್' ಎರಡು ಬಗೆಯ ಯಂತ್ರಗಳಲ್ಲಿಯೂ ನಡೆಯುತ್ತದೆ. ಅಡಿಟಿಪ್ಪಣಿ, ಕೋಷ್ಟಕಗಳನ್ನು ಬಲ್ಲದು. ಬರಹಗಳನ್ನು ಒಂದು ಕೋಶದಲ್ಲಿ ಸಾದಾ ಕಡತಗಳಾಗಿಯೇ ಇಡುತ್ತದೆ. 'ಜಾಪ್ಲಿನ್' ಮುಕ್ತ ತಂತ್ರಾಂಶವೇ ಆದರೂ ಬರಹವನ್ನು ತನ್ನದೇ ದತ್ತಸಂಚಯದೊಳಗೆ ಇಡುತ್ತದೆ. ಆದುದರಿಂದ ಆಗಾಗ್ಗೆ ಅದನ್ನು ಮಾರ್ಕ್‌ಡೌನ್ ಕಡತಗಳಾಗಿ ಹೊರತೆಗೆದು ಇಟ್ಟುಕೊಳ್ಳುವುದು ಕ್ಷೇಮ.

ಮುಂಡರಗಿ, ಶಿರಹಟ್ಟಿಗಳ ಹಳ್ಳಿಗಳಲ್ಲಿ ಹಾಡು, ಗಾದೆಗಳನ್ನು ಸಂಗ್ರಹಿಸುವವರು ಜಾಲಸಂಪರ್ಕವಿಲ್ಲದೆ ಬರೆಯಬಲ್ಲ ಆ್ಯಪನ್ನೇ ಆರಿಸಿಕೊಳ್ಳಬೇಕು. ಅಜ್ಜಿ ಹಾಡತೊಡಗಿದಾಗ ಯಂತ್ರವು ಸಂಪರ್ಕಕ್ಕಾಗಿ ಕಾಯುತ್ತ ಕುಳಿತರೆ ಹಾಡು ಕೈತಪ್ಪಿ ಹೋಗುತ್ತದೆ.

ಕೊನೆಗೆ ಮುದ್ರಣಾಲಯದ ಮಾತು. ಅಲ್ಲಿಯವರು ವರ್ಡ್ ಕಡತವನ್ನು ಕೇಳಿದರೆ ಗಾಬರಿಯಾಗಬೇಕಿಲ್ಲ. ಜಾನ್ ಮ್ಯಾಕ್‌ಫರ್ಲೇನ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ರಚಿಸಿದ 'ಪ್ಯಾನ್‌ಡಾಕ್' ಎಂಬ ಉಚಿತ ಸಾಧನವು ಕಂಪ್ಯೂಟರಿನಲ್ಲಿ ಈ ಕಡತವನ್ನು ವರ್ಡಿಗೆ ಪರಿವರ್ತಿಸುತ್ತದೆ; ಅಡಿಟಿಪ್ಪಣಿಗಳು ಅಡಿಟಿಪ್ಪಣಿಗಳಾಗಿಯೇ ಉಳಿಯುತ್ತವೆ.

ಹಣ ತೆರುವ ಮೊದಲು, ಇಲ್ಲವೆ ನೂರು ಪುಟ ಬರೆಯುವ ಮೊದಲು, ಹತ್ತು ಸಾಲಿನ ಒಂದು ಪರೀಕ್ಷೆಯನ್ನು ಮಾಡಿ ನೋಡಿ. ಒಂದು ಶೀರ್ಷಿಕೆ, ಪ್ರತ್ಯಯ ಸೇರಿದ ಒಂದು ದಪ್ಪ ಪದ, ಒಂದು ಅಡಿಟಿಪ್ಪಣಿ, ಎರಡು ಸಾಲಿನ ಕೋಷ್ಟಕ ಇವನ್ನು ಬರೆಯಿರಿ. 'ಮಾರ್ಕ್‌ಡೌನ್' ಎಂಬ ಪದವನ್ನೂ ಬರೆದು 'ಕ್' ಮತ್ತು 'ಡೌ'ಗಳು ಒತ್ತಕ್ಷರವಾಗದೆ ಬೇರೆಯಾಗಿ ನಿಂತಿವೆಯೇ ಎಂದು ಗಮನಿಸಿ. ಬಳಿಕ ಕಡತವನ್ನು ಬೇರೊಬ್ಬರ ಯಂತ್ರಕ್ಕೆ ಕಳುಹಿಸಿ, ಬೇರೊಂದು ಆ್ಯಪಿನಲ್ಲಿ ತೆರೆಯಿಸಿ. ಅಕ್ಷರವೊಂದೂ ಕೆಡದೆ ಅಲ್ಲಿಯೂ ಓದಲು ಬಂದರೆ ಆ ಆ್ಯಪನ್ನು ನಂಬಬಹುದು. ಮುಂದೆ ಎಂದಾದರೂ ಅದು ನಿಂತುಹೋದರೂ ಶಿಕ್ಷಕರ ಪುಲಿಗೆರೆಯ ಚರಿತ್ರೆ ಅವರ ಕೈಯಲ್ಲಿಯೇ ಉಳಿಯುತ್ತದೆ.