ಗಿಯೋನ್‌ಗೆ ಹೋಗೋ ಮುಂಚೆ ಮೌಲಾಲಿಗೆ ಹೋಗ್ಬನ್ನಿ

ಕ್ಯೋಟೋಗೆ ಹೋಗಿದ್ದ ಗೆಳೆಯ, ಸಂಜೆಯ ಗಿಯೋನ್ ಬೀದಿಯ ಫೋಟೋ ಕಳಿಸಿ "ಗೇಷಾ ನೋಡ್ದೆ ಕಣೋ" ಅಂತ ಕಣ್ಣು ಹೊಡೆಯೋ ಇಮೋಜಿ ಹಾಕಿದ್ದ. ನಾನೂ ನಕ್ಕೆ.

ಆಮೇಲೆ ಗೊತ್ತಾಯ್ತು, ಗೇಷಾ ಅನ್ನೋ ಪದದ ಅರ್ಥವೇ ಕಲಾವಿದೆ. ವರ್ಷಗಟ್ಟಲೆ ಹಾಡು, ಕುಣಿತ, ಶಾಮಿಸೆನ್ ವಾದ್ಯ ಕಲಿತವರು. ಪ್ರವಾಸಿಗರ ಫೋಟೋ ಕಾಟ ತಡೆಯಲಾಗದೆ 2024ರಲ್ಲಿ ಅಲ್ಲಿನ ಖಾಸಗಿ ಗಲ್ಲಿಗಳಿಗೆ ಅವರಿಗೆ ಪ್ರವೇಶವನ್ನೇ ನಿಲ್ಲಿಸಿದರು.

ಇಂಥದ್ದೇ ಕಥೆ ನಮ್ಮ ತಾರ್ನಾಕದಲ್ಲೂ ಇದೆ. ಮಹ್ ಲಖಾ ಬಾಯಿ ಚಂದಾ (1768–1824) ನಿಜಾಮರ ಆಸ್ಥಾನದ ತವಾಯಫ್, ಉರ್ದು ಗಜಲ್ ಕವಿ. ನಾವು ಬೆಳಗ್ಗೆ ವಾಕಿಂಗ್ ಹೋಗೋ ಉಸ್ಮಾನಿಯಾ ಕ್ಯಾಂಪಸ್ ಕಡೆಯ ಅಡಿಕ್‌ಮೆಟ್ ಅವರ ಜಾಗೀರಾಗಿತ್ತು.

ಮೊನ್ನೆ ಸಂಜೆ ಮೌಲಾಲಿ ಬೆಟ್ಟದ ಬುಡಕ್ಕೆ ಹೋದೆ. ತಾಯಿಗೆ ಅಂತ ತಾವೇ ಕಟ್ಟಿಸಿದ ಗೋರಿಯ ಪಕ್ಕದಲ್ಲೇ ಅವರೂ ಮಲಗಿದ್ದಾರೆ. ಫೋನ್ ಜೇಬಲ್ಲೇ ಇಟ್ಟುಕೊಂಡೆ.

ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ನಮ್ಮ ಬೆಂಗಳೂರು ನಾಗರತ್ನಮ್ಮನವರೂ ದೇವದಾಸಿ ಮನೆತನದವರೇ. ಅವರ ಬಗ್ಗೆ ಯಾರಾದ್ರೂ ಆ ಇಮೋಜಿ ಹಾಕಿದ್ರೆ ನಾವು ಸುಮ್ನಿರ್ತೀವಾ? ಗೆಳೆಯನಿಗೆ ಇಷ್ಟನ್ನೇ ಬರೆದು ಕಳಿಸಿದೆ. ಅವನು ಫೋಟೋ ಡಿಲೀಟ್ ಮಾಡಿದ.