ಆವೇಶ ಇಳಿಯದ ಹಾಳೆ

ಅಮೆರಿಕದ ವರ್ಜೀನಿಯಾ ಪ್ರಾಂತದ ಒಂದು ಮನೆಯಲ್ಲಿ ಎಂಟು ವರ್ಷದ ಬಾಲಕನೊಬ್ಬನು ಕೆಟ್ಟುಹೋಗಿದ್ದ ರೇಡಿಯೋವನ್ನು ತನಗೆ ತೋಚಿದಂತೆ ರಿಪೇರಿ ಮಾಡಿ, ಅದು ಹಾಡುವುದೋ ಇಲ್ಲವೋ ನೋಡಲು ಮಂಚದ ಹಿತ್ತಾಳೆಯ ಕಂಬಿಯನ್ನೇರಿ ನಿಂತು, ಚಾವಣಿಯ ದೀಪದ ಹೋಲ್ಡರಿಗೆ ತಂತಿಯನ್ನು ಸಿಕ್ಕಿಸಿದನು. ಕೈ ಅಲ್ಲಿಯೇ ಹಿಡಿದುಕೊಂಡಿತು. ಸೋದರನು ಕಂಡು ತಳ್ಳಿ ಕೆಡವದಿದ್ದರೆ ಬಾಲಕನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಹುಡುಗನಾಗಿದ್ದರೆ ಮತ್ತೆಂದೂ ತಂತಿಯ ಹತ್ತಿರ ಸುಳಿಯುತ್ತಿರಲಿಲ್ಲ. 1931ರಲ್ಲಿ ಹುಟ್ಟಿದ ಜೇಮ್ಸ್ ವೆಸ್ಟ್‌ಗಾದರೋ, ತನ್ನನ್ನು ಹಿಡಿದುಕೊಂಡ ಆ ವಸ್ತು ಏನೆಂದು ತಿಳಿಯದೆ ಸಮಾಧಾನವಿರಲಿಲ್ಲ.

ತಂದೆತಾಯಿಗಳಿಗೆ ಮಗನನ್ನು ವೈದ್ಯನನ್ನಾಗಿ ಮಾಡುವ ಹಂಬಲ. ಮಗನು ಭೌತವಿಜ್ಞಾನವನ್ನು ಓದುವೆನೆಂದಾಗ ತಂದೆ ಮೂವರು ನೀಗ್ರೋ ಗೃಹಸ್ಥರನ್ನು ಪರಿಚಯ ಮಾಡಿಸಿದರು. ಮೂವರೂ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಅವರಿಗೆ ದೊರೆತ ಅತ್ಯುತ್ತಮ ಉದ್ಯೋಗವೆಂದರೆ ಅಂಚೆ ಕಚೇರಿಯದು! ವರ್ಣಭೇದ ತುಂಬಿದ ಆ ಕಾಲದಲ್ಲಿ ತಂದೆಯ ಭಯ ನಿರಾಧಾರವಾಗಿರಲಿಲ್ಲ. ಆದರೂ ಮಗನು ಹಟ ಬಿಡಲಿಲ್ಲ. ಟೆಂಪಲ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನೇ ಓದಿ, 1957ರಲ್ಲಿ ನ್ಯೂಜೆರ್ಸಿಯ ಬೆಲ್ ಪ್ರಯೋಗಶಾಲೆಯನ್ನು ಸೇರಿದನು.

ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವ ಆಟವನ್ನು ಆಡದ ಮಕ್ಕಳಿಲ್ಲ. ಬಾಚಣಿಗೆಗೆ ಬಂದ ಆ ವಿದ್ಯುದಾವೇಶ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುತ್ತದೆ; ಮಳೆಗಾಲದ ತೇವದ ಗಾಳಿಯಲ್ಲಂತೂ ಬರುವುದೇ ಕಷ್ಟ. ಆವೇಶವೆಂದರೆ ಇಳಿಯಬೇಕಾದದ್ದೇ ಅಲ್ಲವೆ? ಆದರೆ ಉಕ್ಕಿನ ತುಂಡು ಒಮ್ಮೆ ಅಯಸ್ಕಾಂತವಾದರೆ ವರ್ಷಗಟ್ಟಲೆ ಅಯಸ್ಕಾಂತವಾಗಿಯೇ ಇರುತ್ತದೆ. ವಿದ್ಯುತ್ತಿನಲ್ಲಿ ಅಂಥದೊಂದು ವಸ್ತು ಏಕಿರಬಾರದು? ಮೈಕೇಲ್ ಫ್ಯಾರಡೆ 1839ರಲ್ಲಿಯೇ ಈ ಸಾಧ್ಯತೆಯನ್ನು ಕುರಿತು ಚಿಂತಿಸಿದ್ದನು. ಆಲಿವರ್ ಹೆವಿಸೈಡ್ ಎಂಬ ಆಂಗ್ಲ ವಿಜ್ಞಾನಿ 1885ರಲ್ಲಿ ಅದಕ್ಕೆ ‘ಎಲೆಕ್ಟ್ರೆಟ್’ ಎಂದು ನಾಮಕರಣವನ್ನೂ ಮಾಡಿಬಿಟ್ಟನು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗೆ!

ಕೂಸು ಹುಟ್ಟಿದ್ದು ಜಪಾನಿನಲ್ಲಿ. 1919ರಲ್ಲಿ ಮೊಟೊಟಾರೊ ಎಗುಚಿ ಎಂಬಾತನು ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಗಳಿಂದ ಬರುವ ಮೇಣಕ್ಕೆ ರಾಳವನ್ನು ಬೆರೆಸಿ ಕರಗಿಸಿ, ಪ್ರಬಲವಾದ ವಿದ್ಯುತ್ ಕ್ಷೇತ್ರದಲ್ಲಿಟ್ಟು ಆರಲು ಬಿಟ್ಟನು. ದ್ರವದಲ್ಲಿ ಸ್ವಚ್ಛಂದವಾಗಿ ಹೊರಳುತ್ತಿದ್ದ ಅಣುಗಳು ಕ್ಷೇತ್ರದ ಸೆಳೆತಕ್ಕೆ ಒಂದೇ ದಿಕ್ಕಿಗೆ ಮುಖಮಾಡಿ, ಮೇಣ ಗಟ್ಟಿಯಾದಾಗ ಹಾಗೆಯೇ ಸೆರೆಯಾದುವು. ವಿದ್ಯುತ್ತನ್ನು ನಿಲ್ಲಿಸಿದರೂ ಬಿಲ್ಲೆಯ ಗುಣ ಹೋಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಸೈನ್ಯದ ಟೆಲಿಫೋನುಗಳಲ್ಲಿ ಇಂಥ ಮೇಣದ ಬಿಲ್ಲೆಗಳಿದ್ದುವು. ಆದರೆ ಮೇಣ ದಪ್ಪ. ಬಾಗಿಸಿದರೆ ಒಡೆಯುತ್ತದೆ, ಸೆಕೆಗೆ ಮೆತ್ತಗಾಗುತ್ತದೆ. ಯುದ್ಧ ಮುಗಿದ ಮೇಲೆ ಅದನ್ನು ಕೇಳುವವರು ವಿರಳವಾದರು.

ಬೆಲ್ ಪ್ರಯೋಗಶಾಲೆಯಲ್ಲಿ ವೆಸ್ಟ್‌ಗೆ ಒಪ್ಪಿಸಿದ್ದ ಕೆಲಸ ಶ್ರವಣಕ್ಕೆ ಸಂಬಂಧಿಸಿದ್ದು. ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ ಕಿವಿಯ ಉಪಕರಣವೊಂದಕ್ಕೆ ನೂರಾರು ವೋಲ್ಟಿನ ಬ್ಯಾಟರಿ ಬೇಕಾಗಿತ್ತು. ಬ್ಯಾಟರಿಯನ್ನು ಕಳಚಿದ ಮೇಲೂ ಅದು ಶಬ್ದ ಮಾಡುತ್ತಲೇ ಇದ್ದುದು ಅವನ ಗಮನಕ್ಕೆ ಬಂತು. ಗ್ರಂಥಭಂಡಾರದಲ್ಲಿ ಹಳೆಯ ಲೇಖನಗಳನ್ನು ಹುಡುಕಿದಾಗ ಎಲೆಕ್ಟ್ರೆಟ್ ಎಂಬ ಮರೆತ ಹೆಸರು ಸಿಕ್ಕಿತು. ಜರ್ಮನಿಯಿಂದ ಬಂದಿದ್ದ, ವೆಸ್ಟ್ ಹುಟ್ಟಿದ ವರ್ಷದಲ್ಲೇ ಹುಟ್ಟಿದ ಗೆರ್ಹಾರ್ಡ್ ಸೆಸ್ಲರ್ ಅವನ ಜೊತೆಗಾರನಾದನು.

ಆಗಿನ ಒಳ್ಳೆಯ ಮೈಕುಗಳಲ್ಲಿ ಲೋಹದ ಫಲಕದ ಮುಂದೆ ತೆಳುವಾದ ಪೊರೆಯೊಂದಿರುತ್ತಿತ್ತು. ಮಾತಿನ ಅಲೆಗಳಿಗೆ ಪೊರೆ ಅದುರಿದಾಗ ನಡುವಣ ಅಂತರ ಹಿಗ್ಗಿ ಕುಗ್ಗಿ, ವಿದ್ಯುತ್ತು ಅದೇ ತಾಳಕ್ಕೆ ಏರಿಳಿಯುತ್ತದೆ. ಆದರೆ ಇದಕ್ಕೆ ಹೊರಗಿನಿಂದ ಹೆಚ್ಚು ವೋಲ್ಟಿನ ಪೂರೈಕೆ ಬೇಕು, ಬೆಲೆಯೂ ದುಬಾರಿ. ಪೊರೆಯೇ ತನ್ನ ಆವೇಶವನ್ನು ಹೊತ್ತುಕೊಂಡಿದ್ದರೆ ಆ ಪೂರೈಕೆಯೇ ಅನಾವಶ್ಯಕ. 1962ರಲ್ಲಿ ಇಬ್ಬರೂ ಇದನ್ನು ಸಾಧಿಸಿ ಪ್ರಕಟಿಸಿದರು. 1964ರಲ್ಲಿ ಪೇಟೆಂಟ್ ದೊರೆಯಿತು. ಮೊದಲಿನ ಪ್ಲಾಸ್ಟಿಕ್ ಆವೇಶವನ್ನು ಬಹುಕಾಲ ಹಿಡಿದಿಡಲಿಲ್ಲವೆಂಬ ತೊಡಕನ್ನು, ದೋಸೆ ಅಂಟದ ಕಾವಲಿಗೆ ಬಳಿಯುವ ಟೆಫ್ಲಾನಿನ ಕುಲದ ಹಾಳೆ ನಿವಾರಿಸಿತು. ಏನನ್ನೂ ಅಂಟಿಸಿಕೊಳ್ಳದ ಆ ವಸ್ತು ವಿದ್ಯುದಾವೇಶವನ್ನು ಮಾತ್ರ ಹತ್ತಾರು ವರ್ಷ ಬಿಡುವುದಿಲ್ಲವೆಂಬುದು ಸೋಜಿಗ. 1968ರಲ್ಲಿ ಜಪಾನಿನ ಸೋನಿ ಸಂಸ್ಥೆ ಇಂಥ ಮೈಕುಗಳನ್ನು ಭಾರಿ ಪ್ರಮಾಣದಲ್ಲಿ ತಯಾರಿಸತೊಡಗಿತು. ಮುಂದೆ ಟೆಲಿಫೋನು, ಟೇಪ್ ರೆಕಾರ್ಡರು, ಕಿವುಡರ ಶ್ರವಣ ಯಂತ್ರ, ಎಲ್ಲದರೊಳಗೂ ಅವೇ ಸೇರಿದುವು. ಇತ್ತೀಚಿನ ಮೊಬೈಲ್ ಫೋನುಗಳಲ್ಲಿ ಮಾತ್ರ ಸಿಲಿಕಾನಿನ ಅತಿಸೂಕ್ಷ್ಮ ಮೈಕುಗಳು ಅವುಗಳ ಸ್ಥಾನವನ್ನು ಆಕ್ರಮಿಸಿವೆ.

ಹಾಳೆಗೆ ಆವೇಶ ಬರಿಸುವ ಬಗೆ ನೋಡತಕ್ಕದ್ದು. ತಲೆಗೂದಲಿಗಿಂತಲೂ ತೆಳುವಾದ ಹಾಳೆಯ ಒಂದು ಮುಖಕ್ಕೆ ಅಲ್ಯೂಮಿನಿಯಮ್ಮಿನ ಆವಿಯನ್ನು ಹಾಯಿಸಿ ಲೇಪಗೊಳಿಸುತ್ತಾರೆ. ಲೇಪದ ಮುಖವನ್ನು ಕೆಳಗೆ ಮಾಡಿ, ಭೂಮಿಗೆ ಜೋಡಿಸಿದ ಲೋಹದ ಫಲಕದ ಮೇಲೆ ಹಾಸಿ, ಕೆಲವೇ ಸೆಂಟಿಮೀಟರು ಮೇಲೆ ಸೂಜಿಯೊಂದನ್ನು ನಿಲ್ಲಿಸಿ ಅದಕ್ಕೆ ಸಾವಿರಾರು ವೋಲ್ಟುಗಳನ್ನು ಕೊಡುತ್ತಾರೆ. ಸೂಜಿಯ ಮೊನೆಯಲ್ಲಿ ಗಾಳಿಯೇ ಸೀಳಿ, ಕತ್ತಲೆಯಲ್ಲಿ ನಸುನೀಲಿಯ ಕಾಂತಿ ಮೂಡಿ, ವಿದ್ಯುತ್ಕಣಗಳ ತುಂತುರು ಹಾಳೆಯ ಮೇಲೆ ಸುರಿಯುತ್ತದೆ. ನಡುವೆ ಇರಿಸಿದ ತಂತಿಯ ಬಲೆ ಸುರಿತ ಹದ ಮೀರದಂತೆ ಕಾಯುತ್ತದೆ. ಬಳಿಕ ಹಾಳೆಯನ್ನು ಹದವಾಗಿ ಕಾಯಿಸಬೇಕು. ಮೇಲೆ ಸಡಿಲವಾಗಿ ಕುಳಿತ ಆವೇಶ ಜಾರಿಹೋಗಿ, ಒಳಗಿನ ಆಳವಾದ ಗುಂಡಿಗಳಲ್ಲಿ ಸಿಕ್ಕಿಬಿದ್ದದ್ದು ಉಳಿಯುತ್ತದೆ. ಕಾವು ಹೆಚ್ಚಾದರೆ ಅದೂ ಹೋಯಿತು.

1969ರಲ್ಲಿ ಜಪಾನಿನ ಹೆಯ್‌ಜಿ ಕವಾಯ್ ಇನ್ನೊಂದು ಬಗೆಯ ಹಾಳೆಯನ್ನು ಎಳೆದು ಹಿಗ್ಗಿಸಿ, ವಿದ್ಯುತ್ ಕ್ಷೇತ್ರದಲ್ಲಿ ಕಾಯಿಸಿ, ಒತ್ತಿದರೆ ವಿದ್ಯುತ್ತು ಕೊಡುವಂತೆ ಮಾಡಿದನು. ಫಿನ್ಲೆಂಡಿನಲ್ಲಿಯೂ ಮುಂದೆ ಪಾಲಿಪ್ರೊಪಿಲೀನ್ ಹಾಳೆಯೊಳಗೆ ಚಪ್ಪಟೆಯಾದ ಗುಳ್ಳೆಗಳನ್ನೆಬ್ಬಿಸಿ, ಅವುಗಳೊಳಗೆ ಆವೇಶವನ್ನು ತುಂಬಿದರು. ಹಾಸಿಗೆಯಡಿ ಹಾಸಿದರೆ ಅದು ಮಲಗಿದವನ ಉಸಿರನ್ನೂ ಎದೆಬಡಿತವನ್ನೂ ಗುರುತಿಸುತ್ತದೆ. ಬಾಗಿದರೂ ಸುತ್ತಿದರೂ ಕೆಡದ ಇಂಥ ಹಾಳೆಗಳೇ ಮೈಗೆ ಅಂಟಿಸುವ ನಮ್ಯ ಉಪಕರಣಗಳಿಗೆ ಒದಗುತ್ತಿವೆ.

2020ರ ಕೊರೋನಾ ಹಾವಳಿಯಲ್ಲಿ ಮನೆಮನೆಯ ಮಾತಾದ ಎನ್ 95 ಮುಖಗವಸಿನ ಗುಟ್ಟೂ ಇದೇ. ಅದರೊಳಪದರದ ಎಳೆಗಳು ಆವೇಶ ಹೊತ್ತಿರುವುದರಿಂದ ಸೂಕ್ಷ್ಮ ಕಣಗಳು ಸೆಳೆದು ಹಿಡಿಯಲ್ಪಡುತ್ತವೆ, ಉಸಿರಾಟಕ್ಕೆ ತಡೆಯಿಲ್ಲ. ಎಳೆಗಳಿಗೆ ಈ ರೀತಿ ಆವೇಶ ತುಂಬುವ ವಿಧಾನವನ್ನು 1990ರ ದಶಕದಲ್ಲಿ ಟೆನೆಸಿ ವಿಶ್ವವಿದ್ಯಾನಿಲಯದಲ್ಲಿ ಬೆಳೆಸಿದವರು ತೈವಾನ್ ಮೂಲದ ಪೀಟರ್ ತ್ಸಾಯ್. ಶುಚಿಯ ಅತಿಶಯದಿಂದ ಅದನ್ನು ಮದ್ಯಸಾರದಲ್ಲಿ ಅದ್ದಿ ತೆಗೆದ ಗೃಹಿಣಿಯರು, ಹೊರನೋಟಕ್ಕೆ ಹೊಸದರಂತಿದ್ದ ಗವಸಿನ ಸೆಳೆತವನ್ನೇ ಕಳೆದಿದ್ದರು.

ವೆಸ್ಟ್ ಮತ್ತು ಸೆಸ್ಲರ್ ಇಬ್ಬರೂ 1999ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಕೀರ್ತಿಭವನಕ್ಕೆ ಸೇರಿದರು. ಸೆಸ್ಲರ್ 1975ರಲ್ಲೇ ಜರ್ಮನಿಗೆ ಹಿಂದಿರುಗಿ ಡಾರ್ಮ್‌ಷ್ಟಾಟ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದರು. ಬೆಲ್ ಬಿಟ್ಟ ಬಳಿಕ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವನ್ನು ಸೇರಿದ ವೆಸ್ಟ್ ಅಲ್ಲಿ ಸಹೋದ್ಯೋಗಿಗಳೊಡನೆ ರೂಪಿಸಿದ್ದು, ಸುತ್ತಲಿನ ಗದ್ದಲವನ್ನು ತೊಡೆದು ಮಕ್ಕಳ ಶ್ವಾಸಕೋಶದ ನ್ಯುಮೋನಿಯಾವನ್ನು ಗುರುತಿಸಲು ನೆರವಾಗುವ ಸ್ಟೆತಾಸ್ಕೋಪು. ಮಗನ ಕೊರಳಲ್ಲಿ ಅದನ್ನು ಕಾಣಬೇಕೆಂದೇ ತಾಯಿತಂದೆಗಳು ಬಯಸಿದ್ದುದು.