ಪರದೇಶದಲ್ಲಿ ಓದುವ ಮಕ್ಕಳು ಮತ್ತು ಮನೆಯವರ ಪ್ರತಿಕ್ರಮಣ



ಅಮೆರಿಕದಲ್ಲಿ ತರಗತಿಗಳು ಆಗಸ್ಟ್ ಕೊನೆಗೆ, ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತವೆ. ನಮ್ಮ ದಶಲಕ್ಷಣ ಪರ್ವವೂ ಹೆಚ್ಚುಕಡಿಮೆ ಆಗಲೇ. ಹೊಸದಾಗಿ ಹೋದ ಮಕ್ಕಳಿಗೆ ಮನೆಯ ನೆನಪು ತುಂಬಾ ಕಾಡುವ ಕಾಲವದು.

ನನ್ನ ಮಗಳು ಎಂ.ಎಸ್ಸಿ. ಓದಲು ಲೆಸ್ಟರಿಗೆ ಹೋದಾಗ ದಿನಾ ರಾತ್ರಿ ಒಂಬತ್ತಕ್ಕೆ, ದಿನಸಿ ಅಂಗಡಿ ಬಾಗಿಲು ಹಾಕಿದ ಮೇಲೆ, ಫೋನ್ ಮಾಡುತ್ತಿದ್ದೆ. "ನಿನ್ನೆ ಕತ್ತಲಾಗುವ ಮುಂಚೆ ಊಟ ಆಯ್ತಾ? ಈರುಳ್ಳಿ ಹಾಕಿರಲಿಲ್ಲ ತಾನೆ?" ಎಲ್ಲದಕ್ಕೂ "ಹೂಂ ಅಪ್ಪ" ಎನ್ನುತ್ತಿದ್ದಳು. ನನಗೆ ಸಮಾಧಾನ. ಜನವರಿಯಲ್ಲಿ ಒಂದು ದಿನ ತಾಯಿಯ ಹತ್ತಿರ ಅತ್ತಳಂತೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಯ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಅವಳ ತರಗತಿ ಮುಗಿಯುತ್ತಿದ್ದುದು ಐದಕ್ಕೆ. ದಿನವೂ ಸುಳ್ಳು ಹೇಳುತ್ತಿದ್ದಳು. ಸುಳ್ಳು ಹೇಳುವವಳು ಯಾವ ಮುಖ ಹೊತ್ತು ಹೋಗಲಿ ಎಂದು ಹತ್ತಿರದಲ್ಲೇ ಇದ್ದ ಜಿನಮಂದಿರಕ್ಕೂ ಹೋಗುವುದನ್ನು ಬಿಟ್ಟಿದ್ದಳು. ರಾತ್ರಿ ಉಂಡದ್ದಕ್ಕಿಂತ ಈ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ಅದಕ್ಕೆ ಕಾರಣ ನನ್ನ ಪ್ರಶ್ನೆಗಳು.

ಪ್ರತಿಕ್ರಮಣ ಎಂದರೆ ತಪ್ಪಿದ ಜಾಗದಿಂದ ಹಿಂದಿರುಗಿ ಬರುವುದು. ಅದರ ಜೊತೆಗಿರುವ ಆಲೋಚನೆ ಎಂಬ ಶಬ್ದಕ್ಕೆ ನಮ್ಮ ಶಾಸ್ತ್ರದಲ್ಲಿ ಬೇರೆ ಅರ್ಥವಿದೆ. ಅದು ಬರೀ ಯೋಚಿಸುವುದಲ್ಲ, ತನ್ನ ದೋಷವನ್ನು ಗುರುವಿನ ಮುಂದೆ ತಾನೇ ಹೇಳಿಕೊಳ್ಳುವುದು. ಕೇಳುವವರು ಪೊಲೀಸರಂತೆ ಕೂತರೆ ಯಾರು ಹೇಳುತ್ತಾರೆ?

ಆಮೇಲೆ ನಾವು ಕ್ರಮ ಬದಲಿಸಿದೆವು. ಫೋನಿನಲ್ಲಿ ಮೊದಲು ನನ್ನ ತಪ್ಪು ಹೇಳುತ್ತೇನೆ. ಅಂಗಡಿ ಹುಡುಗನ ಮೇಲೆ ಸುಮ್ಮನೆ ರೇಗಿದ್ದು, ಗಿರಾಕಿಗೆ ಹಳೇ ಬೇಳೆಯನ್ನು ಹೊಸದು ಎಂದದ್ದು. (ಇದನ್ನು ಮಗಳಿಗೆ ಹೇಳುವುದು ಸುಲಭವಲ್ಲ, ಒಮ್ಮೆ ಪ್ರಯತ್ನಿಸಿ ನೋಡಿ.) ಅವಳಿಗೆ ಹೇಳಬೇಕೆನಿಸಿದರೆ ಹೇಳುತ್ತಾಳೆ, ಇಲ್ಲದಿದ್ದರೆ ಇಲ್ಲ. ಕೊನೆಗೆ ಇಬ್ಬರೂ ಕಾಯೋತ್ಸರ್ಗ: 27 ಉಸಿರಿನಲ್ಲಿ ಒಂಬತ್ತು ಣಮೋಕಾರ. ಎರಡು ಮೂರು ನಿಮಿಷ ಸಾಕು. ಸಾಮಾಯಿಕಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಬೇಕು. ಓದುವ ಮಕ್ಕಳಿಗೆ ಅದು ದಿನಾ ಆಗದು, ಭಾನುವಾರ ಮಾಡಲಿ.

ಊಟದ ವಿಷಯದಲ್ಲಿ ಅವಳೇ ಒಂದು ನಿಯಮ ಮಾಡಿಕೊಂಡಳು: ರಜಾದಿನಗಳಲ್ಲಿ ಸೂರ್ಯಾಸ್ತದ ಮುಂಚೆ ಊಟ, ತರಗತಿಯ ದಿನ ಮಧ್ಯಾಹ್ನವೇ ಹೊಟ್ಟೆತುಂಬ ಉಂಡು ರಾತ್ರಿ ಹಾಲು, ಹಣ್ಣು ಮಾತ್ರ. ನಮ್ಮ ಸ್ವಾಧ್ಯಾಯದ ಹಿರಿಯರೊಬ್ಬರು ಇದನ್ನು ಒಪ್ಪಲಿಲ್ಲ. ಆದರೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡು ಬಗೆ ಮಾಡಿದ್ದಾರೆ. ಇಷ್ಟು ಕಾಲ ಎಂದು ಗಡುವು ಹಾಕಿಕೊಂಡದ್ದು ನಿಯಮ, ಜೀವನಪೂರ್ತಿಯದ್ದು ಯಮ. ಪಾಲಿಸಲಾಗದ ಯಮಕ್ಕೆ ಸುಳ್ಳು ಸೇರಿಸುವುದಕ್ಕಿಂತ ಪಾಲಿಸಬಲ್ಲ ನಿಯಮ ಮೇಲು ಎಂಬುದು ನನ್ನ ಅಭಿಪ್ರಾಯ.

ಹೊರಡುವ ಮುಂಚೆಯೇ ಆ ಊರಿನ ಜೈನ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿಡಿ. ಲೆಸ್ಟರಿನಲ್ಲಿ ಹಳೆಯ ಚರ್ಚ್ ಕಟ್ಟಡವನ್ನೇ ಜೈನ ಕೇಂದ್ರ ಮಾಡಿ 1988ರಲ್ಲಿ ಪ್ರತಿಷ್ಠೆ ನಡೆಸಿದ್ದಾರೆ. ಶ್ವೇತಾಂಬರರ ದೇರಾಸರ, ದಿಗಂಬರ ಮಂದಿರ, ಸ್ಥಾನಕವಾಸಿಗಳ ಉಪಾಶ್ರಯ ಎಲ್ಲವೂ ಒಂದೇ ಸೂರಿನಡಿ ಇವೆ. ಅಮೆರಿಕದ ಕೇಂದ್ರಗಳನ್ನು ಸೇರಿಸಿ 1981ರಲ್ಲಿ 'ಜೈನಾ' ಒಕ್ಕೂಟ ಹುಟ್ಟಿತು, ಅದರ ಯುವ ವಿಭಾಗ 'ಯಂಗ್ ಜೈನ್ಸ್ ಆಫ್ ಅಮೆರಿಕ'. ಇಂಥ ಕಡೆ ಮಾತು, ಭಜನೆ ಹೆಚ್ಚಾಗಿ ಗುಜರಾತಿ, ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತವೆ. ನಮ್ಮ ಕನ್ನಡದ ಮಕ್ಕಳಿಗೆ ಮೊದಲ ದಿನ ಪರಕೀಯ ಅನಿಸಬಹುದು. ಎರಡನೇ ಸಲ ಹೋಗಲು ಹೇಳಿ.

ಈ ಸಲದ ಕ್ಷಮಾವಣಿಗೆ ವಾಟ್ಸಾಪ್ ಚಿತ್ರ ಕಳಿಸಿ ಮುಗಿಸಬೇಡಿ, ಫೋನ್ ಮಾಡಿ, ಮೊದಲು ನೀವೇ ಕ್ಷಮೆ ಕೇಳಿ. ಆಗ ಇಂಗ್ಲೆಂಡ್ ನಮಗಿಂತ ನಾಲ್ಕೂವರೆ ಗಂಟೆ, ನ್ಯೂಯಾರ್ಕ್ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ನಮ್ಮ ಬೆಳಗಿನ ಅಭಿಷೇಕದ ಹೊತ್ತಿಗೆ ಮಾಡಿದರೆ ಇಂಗ್ಲೆಂಡಿನಲ್ಲಿರುವ ಮಕ್ಕಳು ನಿದ್ದೆಯಲ್ಲಿರುತ್ತಾರೆ, ಸಂಜೆಗೆ ಮಾಡಿ.